ಆಕೆಗೆ ಏನೂ ಬರಲ್ಲ ಎಂದು ನಾನು ಬರೆಸಿದ್ದು

ಕೈಯಲ್ಲಿ ಕಾಗದ ಹಿಡಿದು ಬಂದವರಿಗೆ ನಾನು ಚಾ ಮಾಡುವುದಿಲ್ಲ. ಚಾ ಕೊಟ್ಟರೆ ಈ ಮನೆಯಲ್ಲಿ ಹಾಲಿದೆ ಎಂದಾಗುತ್ತದೆ. ಹಾಲಿದ್ದರೆ ಎಮ್ಮೆ ಇದೆ, ಎಮ್ಮೆ ಇದ್ದರೆ ಅದಕ್ಕೆ ಹುಲ್ಲು ಹಾಕುವವರಿದ್ದಾರೆ, ಹಿಂಡುವವರಿದ್ದಾರೆ, ಹಾಗಾದರೆ ಇವರಿಗೇನು ಕಮ್ಮಿ ಎಂದು ಅವರ ಪೆನ್ನು ತಾನಾಗಿಯೇ ಓಡುತ್ತದೆ. ಆದ್ದರಿಂದ ಆ ಹುಡುಗಿ ಬಂದ ದಿನ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ನೀರು ಕೂಡ ಕೊಡಲಿಲ್ಲ.

ನಮ್ಮೂರು ನ್ಯಾಮತಿ ತಾಲ್ಲೂಕಿನದು. ಸೂರಗೊಂಡನಕೊಪ್ಪದ ದಾರಿಯಲ್ಲಿ ಬಸ್ಸಿಳಿದು ಒಂದಿಷ್ಟು ನಡೆಯಬೇಕು. ನನ್ನ ತವರು ಜಗಳೂರಿನ ಕಡೆ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಅಕ್ಷರ ಕೂಡಿಸಿ ಬರೆಯಲು ಬರುತ್ತದೆ, ಚೆಂದ ಮಾಡಿ ಬರೆಯಲು ಬರುವುದಿಲ್ಲ. ನನ್ನ ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಶಾಲೆಗೆ ಸೇರುವ ಮೊದಲೇ ದಡಾರ ಬಂದು ಅವಳ ಎರಡೂ ಕಣ್ಣು ಹೋದವು. ಅವ್ವ ಇರುವ ತನಕ ಅವ್ವನ ಜೊತೆ ತವರಿನಲ್ಲೇ ಇದ್ದಳು. ಅವ್ವ ತೀರಿಕೊಂಡ ಮೇಲೆ, ತಿಥಿಯ ಊಟ ಮುಗಿಸಿ ನಾನು ಹೊರಟು ನಿಂತಾಗ, ತಮ್ಮನ ಹೆಂಡತಿ ಇವಳ ಬಟ್ಟೆಯ ಗಂಟನ್ನೂ ತಂದು ನನ್ನ ಚೀಲದ ಪಕ್ಕದಲ್ಲಿ ಇಟ್ಟಳು. ಇಬ್ಬರೂ ಬಸ್ಸು ಹತ್ತಿ ಬಂದೆವು. ಇಪ್ಪತ್ತು ವರ್ಷದ ಮೇಲಾಯಿತು. ಕನಿಕರಪಟ್ಟು ಕರೆತಂದೆ ಎಂದು ಬರೆದರೆ ಸುಳ್ಳು. ಬಿಟ್ಟುಬರಲು ಆಗಲಿಲ್ಲ, ಕರೆತಂದೆ.

ಕರೆತಂದ ಮೇಲೆ ಗೊತ್ತಾಯಿತು, ಅವಳಂತೆ ರೊಟ್ಟಿ ಬಡಿಯುವುದು ನಮ್ಮ ಓಣಿಯಲ್ಲಿ ಯಾರಿಗೂ ಬರುವುದಿಲ್ಲ ಎಂದು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಉಂಡೆ ಕಟ್ಟಿ, ಬಡಿಯಲು ಕೂತರೆ ಅಂಗೈ ಬೀಳುವ ಸದ್ದು ಮೊದಲು ದಪ್ಪಗಿರುತ್ತದೆ. ಹಿಟ್ಟು ಹರಡುತ್ತ ಹೋದಂತೆ ಸದ್ದೂ ತೆಳ್ಳಗಾಗುತ್ತದೆ. ಯಾವ ಅಂಚು ದಪ್ಪ ಉಳಿಯಿತು ಎಂದು ಅವಳು ಕಿವಿಯಲ್ಲೇ ತಿಳಿಯುತ್ತಾಳೆ. ಹಂಚು ಕಾದಿದೆಯೋ ಇಲ್ಲವೋ ಎಂಬುದು ಅವಳ ಕೆನ್ನೆಗೆ ಗೊತ್ತು. ಒಲೆಯ ಎಡಗಡೆ ಹಿಟ್ಟಿನ ಡಬ್ಬಿ, ಬಲಗಡೆ ನೀರಿನ ಚೆಂಬು, ಮೊಣಕಾಲ ಹತ್ತಿರ ಒದ್ದೆ ಬಟ್ಟೆ. ಯಾವುದೂ ಒಂದು ಗೇಣು ಅತ್ತಿತ್ತ ಆಗಬಾರದು. ಸೊಸೆ ಹೊಸದಾಗಿ ಬಂದಾಗ ಚೆಂಬನ್ನು ಬೇರೆ ಕಡೆ ಇಟ್ಟು ಬೈಸಿಕೊಂಡಿದ್ದಳು. ನನ್ನ ಮಗ ಪಂಚಾಯಿತಿಯಲ್ಲಿ ನೀರುಗಂಟಿ. ಊರಿಗೆ ನೀರು ಬಿಡಲು ಬೆಳಗಾಗುತ್ತಲೇ ಹೋಗುವವನು. ಅವನು ಹೋಗುವ ಹೊತ್ತಿಗೆ ಬಿಸಿ ರೊಟ್ಟಿ ಬುಟ್ಟಿಯಲ್ಲಿ ಇರುತ್ತಿತ್ತು. ಬಡಿದವಳು ಅವಳು. ತಿಂದವರು ನಾವು.

ಇಂಥವಳಿಗೆ ಏನೂ ಬರುವುದಿಲ್ಲ ಎಂದು ಹೇಳುವುದನ್ನು ನಾನು ಕಲಿತದ್ದು ಒಂದು ಆಸ್ಪತ್ರೆಯಲ್ಲಿ. ಅಂಗವಿಕಲರ ಕಾಗದ ಮಾಡಿಸಲು ಹೋಗಿದ್ದೆವು. ಮೊದಲ ಸಲ ಅವಳು ಒಳ್ಳೆಯ ಸೀರೆ ಉಟ್ಟು, ನನ್ನ ಭುಜದ ಮೇಲೆ ಬೆರಳಿಟ್ಟು, ತಲೆಯೆತ್ತಿ ಒಳಗೆ ನಡೆದಳು. ಕಾಲಿನಲ್ಲೇ ಕುರ್ಚಿ ಹುಡುಕಿ ಕೂತಳು. ಮೇಜಿನ ಹಿಂದೆ ಇದ್ದವನು "ಚೆನ್ನಾಗೇ ಓಡಾಡ್ತಾರಲ್ಲಮ್ಮ" ಎಂದು ಇನ್ನೊಂದು ಚೀಟಿ ತರಲು ಹೇಳಿ ಕಳಿಸಿದ. ಎರಡನೇ ಸಲವೂ ಏನೋ ಕೊರತೆ. ಮೂರನೇ ಸಲ ಹಳೆ ಸೀರೆ ಉಡಿಸಿದೆ. ಬಾಗಿಲಲ್ಲಿ ಎಡವು ಎಂದೆ. ಎಡವಿದಳು. ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಿ, "ಏನೂ ಬರಲ್ಲ ಸಾರ್, ತುತ್ತು ಕೂಡ ನಾನೇ ಇಡಬೇಕು" ಎಂದೆ. ಅವತ್ತು ಕಾಗದ ಆಯಿತು. ಎಡವಿದ್ದಕ್ಕೆ ಆಯಿತೋ, ಚೀಟಿಗಳೆಲ್ಲ ಸರಿಯಿದ್ದುದಕ್ಕೆ ಆಯಿತೋ ನನಗೆ ಗೊತ್ತಿಲ್ಲ. ಎಡವಿದ್ದಕ್ಕೇ ಎಂದು ನಂಬಿದೆ.

ಅಲ್ಲಿಂದ ಮನೆಯಲ್ಲಿ ಅದೇ ಪದ್ಧತಿಯಾಯಿತು. ಪಿಂಚಣಿಯವರು ಬರಲಿ, ಜನ ಲೆಕ್ಕ ಬರೆಯುವವರು ಬರಲಿ, ಯಾವುದೋ ಸಂಘದವರು ಬರಲಿ, ಕಾಗದ ಕಂಡ ಕೂಡಲೇ ನಾನು ಒಂದು ಸಲ ಕೆಮ್ಮುತ್ತಿದ್ದೆ. ತಂಗಿ ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆಗೆ ಒರಗಿ, ಸೆರಗು ಹೊದ್ದು, ಎರಡೂ ಕೈ ತೊಡೆಯ ಮೇಲೆ ಇಟ್ಟು ಕೂರುತ್ತಿದ್ದಳು. ಬಾಯಿ ಬಿಡುತ್ತಿರಲಿಲ್ಲ. ಬಂದವರು ಲೊಚಗುಟ್ಟಿ ಹೋಗುತ್ತಿದ್ದರು. ಅವರು ತಿರುವು ದಾಟಿದ ಮೇಲೆ ಅವಳು ಎದ್ದು ಎಮ್ಮೆ ಹಿಂಡಲು ಹೋಗುತ್ತಿದ್ದಳು.

ಹೋದ ಬೇಸಿಗೆಯಲ್ಲಿ ನ್ಯಾಮತಿಯಲ್ಲಿ ರೊಟ್ಟಿ ಶೆಡ್ಡು ನಡೆಸುವ ಹೆಂಗಸು ನಮ್ಮ ಓಣಿಯ ಒಂದು ಮದುವೆ ಮನೆಗೆ ಬಂದಿದ್ದಳು. ಹೊನ್ನಾಳಿ, ಶಿವಮೊಗ್ಗದವರೆಗೆ ಊಟದ ಮನೆಗಳಿಗೆ, ಮದುವೆಗಳಿಗೆ ರೊಟ್ಟಿ ಕಳಿಸುವವಳು. ಮದುವೆ ಮನೆಯಲ್ಲಿ ನನ್ನ ತಂಗಿ ಬಡಿಯುವುದನ್ನು ಕಂಡು ಕೈ ಒರೆಸಿಕೊಳ್ಳದೆ ನನ್ನ ಹತ್ತಿರ ಬಂದಳು.

"ಅಮ್ಮಾ, ಇವರನ್ನ ನಮ್ಮ ಶೆಡ್ಡಿಗೆ ಕಳಿಸ್ರಿ. ನನ್ನ ಹತ್ರ ಕಣ್ಣಿರೋ ನಾಲ್ಕು ಮಂದಿ ಅದಾರೆ, ಒಬ್ಬರ ರೊಟ್ಟಿನೂ ಹಿಂಗೆ ಏಳಲ್ಲ."

ತಂಗಿಯ ಕೈ ನಿಂತಿತು. ಮುಖ ಇತ್ತ ತಿರುಗಿತು.

"ಆಗಲ್ಲ" ಎಂದೆ ನಾನು. "ಆಫೀಸಿನೋರು ಯಾರಾದ್ರೂ ನೋಡಿದ್ರೆ ಕಾಗದ ಕಿತ್ಕೊಳ್ತಾರೆ."

"ಕೇಳೋದು ಅವಳನ್ನ" ಎಂದಳು ಶೆಡ್ಡಿನವಳು.

"ಅವಳದೆಲ್ಲ ನನ್ನನ್ನೇ ಕೇಳಬೇಕು."

ಮನೆಗೆ ಬಂದ ಮೇಲೆ ತಂಗಿ ಮೂರು ಸಲ ಕೇಳಿದಳು, ಹೋಗಲಾ ಅಕ್ಕ ಎಂದು. ಮೂರು ಸಲವೂ ಆಗಲ್ಲ ಎಂದೆ. ಬೆಂಕಿ, ಬಸ್ಸು, ಗಂಡಸರು, ಎಲ್ಲ ಹೇಳಿದೆ. ಅವಳು ಹೋದರೆ ಬೆಳಗಾಗುತ್ತಲೇ ಒಲೆಯ ಮುಂದೆ ಕೂರಬೇಕಾದವಳು ನಾನು ಎಂಬುದನ್ನು ಹೇಳಲಿಲ್ಲ.

ಇದಾಗಿ ತಿಂಗಳೊಪ್ಪತ್ತಿಗೆ ಆ ಹುಡುಗಿ ಬಂದಳು. ಪಕ್ಕದ ಮನೆಯವಳು ಗೋಡೆಯಾಚೆಯಿಂದಲೇ ಕೂಗಿದಳು, "ಅಕ್ಕಾ, ಯಾರೋ ಫೈಲು ಹಿಡ್ಕೊಂಡು ಕಣ್ಣು ಕಾಣದೋರ ಮನೆ ಯಾವುದು ಅಂತ ಕೇಳ್ತಾವ್ರೆ!" ತಂಗಿ ಒಲೆಯ ಮುಂದೆ ಇದ್ದಳು, ಹಂಚಿನ ಮೇಲೆ ರೊಟ್ಟಿ ಇತ್ತು. ನಮ್ಮದು ಹೊರಗೆ ಕೂತರೆ ಒಲೆ ಕಾಣುವ ಮನೆ. ಕೆಮ್ಮಲೂ ವ್ಯವಧಾನವಿರಲಿಲ್ಲ. ಅವಳನ್ನು ರಟ್ಟೆ ಹಿಡಿದು ಎಬ್ಬಿಸಿ ಗೋಡೆಗೆ ಕೂರಿಸಿದೆ. ಹಿಟ್ಟಿನ ಪರಾತವನ್ನು ಮಂಚದ ಕೆಳಗೆ ತಳ್ಳಿದೆ. ಹಂಚನ್ನು ಇಕ್ಕಳದಲ್ಲಿ ಎತ್ತಿ, ಎಲ್ಲಿಡುವುದೆಂದು ತೋಚದೆ, ಒಳಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟು ಅದರ ಮುಂದೆ ಒಂದು ಚೀಲ ನಿಲ್ಲಿಸಿದೆ.

ಹುಡುಗಿ ಒಳಗೆ ಬಂದಳು. ಬೆನ್ನಿಗೆ ಚೀಲ, ಎಣ್ಣೆ ಹಾಕಿ ಹೆಣೆದ ಜಡೆ, ಬೆವರು.

"ಯಾವ ಆಫೀಸು?" ಎಂದೆ.

"ಆಫೀಸಲ್ಲ ಅಜ್ಜಿ, ಯೂನಿವರ್ಸಿಟಿ. ಪಿಎಚ್‌ಡಿ ಮಾಡ್ತಾ ಇದೀನಿ. ಕಣ್ಣು ಕಾಣದೋರು ದಿನಾ ಹೆಂಗೆ ಬದುಕ್ತಾರೆ ಅಂತ ತಿಳ್ಕೊಳ್ಳಾಕೆ ಬಂದೀನಿ. ಚನ್ನಗಿರಿ, ಹೊನ್ನಾಳಿ, ಜಗಳೂರು ಎಲ್ಲಾ ಕಡೆ ಹೋಗ್ತಿದೀನಿ."

"ಹೆಂಗೆ ಬದುಕ್ತಾರೆ? ಸಾಯಾಕೆ ಆಗದೆ ಬದುಕ್ತಾರೆ. ಬರ್ಕೋ, ಹೋಗು."

ಅವಳು ನಕ್ಕಳು. ನಾನು ನಗಲು ಹೇಳಿದ್ದಲ್ಲ.

"ಯಾವೂರು ನಿಂದು?"

"ಕತ್ತಲಗೆರೆ, ಅಜ್ಜಿ."

"ಯಾರ ಪೈಕಿ?"

"ಓದೋರ ಪೈಕಿ."

ನಾಲಗೆ ಚುರುಕಿತ್ತು. ಚೀಲದಿಂದ ಒಂದು ಹಾಳೆ ತೆಗೆದು, ಇದು ಒಪ್ಪಿಗೆ ಕಾಗದ ಎಂದಳು. ಕೊಡು, ಸಹಿ ಹಾಕ್ತೀನಿ ಎಂದು ಕೈ ಚಾಚಿದೆ. ಎಷ್ಟು ಕಾಗದಕ್ಕೆ ಹಾಕಿದ್ದೇನೋ, ಇದೂ ಒಂದು.

"ನಿಮ್ಮದಲ್ಲ ಅಜ್ಜಿ. ಅವರದು ಬೇಕು."

"ಅವಳಿಗೆ ಸಹಿ ಬರಲ್ಲ."

"ಹೆಬ್ಬೆಟ್ಟು ಸಾಕು. ಮೊದಲು ಓದಿ ಹೇಳ್ತೀನಿ." ಎಂದವಳೇ ನನಗೆ ಬೆನ್ನು ಮಾಡಿ, ತಂಗಿಯ ಮುಂದೆ ನೆಲದ ಮೇಲೆ ಕೂತು ಓದಲು ಶುರು ಮಾಡಿದಳು. ನಾನು ಹಾಕಿದ ಕುರ್ಚಿ ಖಾಲಿ ಉಳಿಯಿತು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಇದರಿಂದ ಸರ್ಕಾರದ ಸವಲತ್ತು ಬರುವುದೂ ಇಲ್ಲ ಹೋಗುವುದೂ ಇಲ್ಲ, ಬೇಡವೆನ್ನಿಸಿದರೆ ಯಾವಾಗ ಬೇಕಾದರೂ ಬೇಡ ಅನ್ನಬಹುದು ಎಂದೆಲ್ಲ ಇತ್ತು. ಸವಲತ್ತಿಗೆ ಸಂಬಂಧವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ನಂಬಲಿಲ್ಲ.

ತಂಗಿ ತಲೆಯೆತ್ತಿದಳು. "ಆ ಕಡೇದು ಇನ್ನೊಂದು ಸಲ ಓದ್ರಿ" ಎಂದಳು.

ಕಾಗದದವರ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ನಾನು ಅವಳ ತೊಡೆ ಚಿವುಟಿದೆ. ಹುಡುಗಿ ಇನ್ನೊಂದು ಸಲ ಓದಿದಳು, "ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬೇಡ ಅನ್ನಬಹುದು. ಯಾಕೆ ಅಂತ ಹೇಳಬೇಕಾಗಿಲ್ಲ." ತಂಗಿ ಹೆಬ್ಬೆಟ್ಟು ಒತ್ತಿದಳು. ಒತ್ತಿದ ಮೇಲೆ ಮತ್ತೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನಾದಳು.

ಪ್ರಶ್ನೆಗಳೆಲ್ಲ ಅವಳನ್ನು ನೋಡಿ ಕೇಳಿದ್ದು. ಉತ್ತರವೆಲ್ಲ ನನ್ನದು.

"ಬೆಳಿಗ್ಗೆ ಎದ್ದು ಏನು ಮಾಡ್ತೀರಿ?"

"ಕೂತಿರ್ತಾಳೆ."

"ಆಮೇಲೆ?"

"ಮಲಗ್ತಾಳೆ."

"ಸ್ನಾನ, ಬಟ್ಟೆ?"

"ಎಲ್ಲ ನಾನೇ."

"ಅಡಿಗೆ ಏನಾದ್ರೂ ಮಾಡ್ತಾರಾ?"

"ಆಕೆಗೆ ಏನೂ ಬರಲ್ಲ. ಬರ್ಕೋ. ಏನೂ ಬರಲ್ಲ."

ಹುಡುಗಿ ಮೂಗು ಅರಳಿಸಿದಳು. "ರೊಟ್ಟಿ ಸೀದ ವಾಸನೆ ಬರ್ತಾ ಐತಲ್ಲ ಅಜ್ಜಿ."

"ಪಕ್ಕದ ಮನೇದು" ಎಂದೆ. ತಂಗಿಯ ಮೊಣಕೈಗೆ ಹಿಟ್ಟು ಮೆತ್ತಿತ್ತು, ಆಗ ಕಂಡಿತು. ಸೆರಗು ಎಳೆದು ಮುಚ್ಚಿದೆ. ಹುಡುಗಿ ಅದನ್ನು ನೋಡಿದಳೋ ಇಲ್ಲವೋ, ಬರೆದುಕೊಳ್ಳುತ್ತಲೇ ಇದ್ದಳು. ಬರೆದದ್ದನ್ನು ಇನ್ನೊಮ್ಮೆ ಬಂದು ಓದಿ ಹೇಳುತ್ತೇನೆ, ಅದು ನಮ್ಮ ನಿಯಮ ಎಂದು ಹೇಳಿ ಹೋದಳು. ಅವಳನ್ನು ಸಾಗಹಾಕಲು ಬೀದಿಯ ತಿರುವಿನವರೆಗೆ ನಾನೇ ಹೋದೆ. ಮತ್ತೆ ಬರಬೇಡ ಎಂದು ಬಾಯಿಬಿಟ್ಟೇ ಹೇಳಿದೆ.

ತಿರುಗಿ ಬರುವಷ್ಟರಲ್ಲಿ ಮನೆಯಿಂದ ಕೂಗು ಕೇಳಿತು. ತಂಗಿ ಎದ್ದಿದ್ದಾಳೆ. ಇಪ್ಪತ್ತು ವರ್ಷದಿಂದ ಒಳಗೆ ಹೋಗುವಾಗ ಕೈಯಿಡುವ ಅದೇ ಕಟ್ಟೆಯ ಮೇಲೆ ಕೈಯಿಟ್ಟಿದ್ದಾಳೆ. ಅಂಗೈ ಪೂರ್ತಿ ಹಂಚಿನ ಮೇಲೆ. ನಾನು ಬರುವಾಗ ಅವಳು ನೀರಿನ ಹಂಡೆ ಹುಡುಕಿಕೊಂಡು ಹೋಗಿ ಮೊಣಕೈವರೆಗೆ ಮುಳುಗಿಸಿ ನಿಂತಿದ್ದಳು.

"ಹಂಚು ಇಲ್ಲಿಗೆ ಯಾಕೆ ಬಂತು?" ಎಂದಳು. ಅಷ್ಟೇ ಕೇಳಿದ್ದು.

"ನೋಡ್ಕೊಂಡು ಏಳಬಾರದಾ?" ಎಂದೆ.

ಬಾಯಿಂದ ಬಂದುಬಿಟ್ಟಿತು. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆದಿದ್ದೇನೆ.

ಸೊಸೆ ಅವಳನ್ನು ನ್ಯಾಮತಿಗೆ ಕರೆದುಕೊಂಡು ಹೋಗಿ ಮುಲಾಮು ಹಚ್ಚಿಸಿ ಬಟ್ಟೆ ಕಟ್ಟಿಸಿಕೊಂಡು ಬಂದಳು. ಎರಡು ವಾರ ನೀರು ತಾಕಿಸಬಾರದು ಎಂದಿದ್ದರು. ರೊಟ್ಟಿ ನನ್ನ ಪಾಲಿಗೆ ಬಂತು. ನನ್ನ ಮಣಿಕಟ್ಟು ಮೊದಲೇ ಬಾತುಕೊಳ್ಳುವಂಥದ್ದು. ಮೊದಲ ದಿನವೇ ಮಗ ತಟ್ಟೆಯಲ್ಲಿದ್ದುದನ್ನು ಎತ್ತಿ ಹಿಡಿದು, "ಅವ್ವ, ಇದು ರೊಟ್ಟಿನೋ ಎಮ್ಮೆ ಚಕ್ಕಳನೋ?" ಎಂದ. ಚಕ್ಕಳವೇ ಅಂದುಕೊಂಡು ತಿನ್ನು ಎಂದೆ.

ಹುಡುಗಿ ಹೇಳಿದ ಹಾಗೆಯೇ ಮತ್ತೆ ಬಂದಳು. ಈ ಸಲ ನಾನು ಕುರ್ಚಿಯನ್ನೂ ಹಾಕಲಿಲ್ಲ. ಅವಳು ಕೇಳದೆಯೇ ತಂಗಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕೂತವಳಿಗೆ ಕೈಗೆ ಕಟ್ಟಿದ ಬಟ್ಟೆ ಕಂಡಿತು.

"ಅಯ್ಯೋ, ಇದೇನಾತು?"

ತಂಗಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಅವತ್ತೇ ಹೇಳಿದ್ನಲ್ಲವ್ವ, ಏನೂ ಬರಲ್ಲ ಅಂತ. ಒಲೆ ಕಡೆ ಹೋಗಿದ್ದಕ್ಕೆ ಹಿಂಗಾತು ನೋಡು. ಬರ್ಕೋ ಇದನ್ನೂ."

ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು.

"ಬರ್ಕೋಬ್ಯಾಡ್ರಿ" ಎಂದಳು ತಂಗಿ.

ದನಿ ಗಟ್ಟಿಯಾಗಿತ್ತು. ಗೋಡೆಯಿಂದ ಬೆನ್ನು ಬಿಡಿಸಿ ನೆಟ್ಟಗೆ ಕೂತಿದ್ದಳು. ಸೆರಗು ತಲೆಯಿಂದ ಜಾರಿತ್ತು.

"ಬೇಡ ಅನ್ನಿಸಿದ್ರೆ ಬೇಡ ಅನ್ನಬಹುದು ಅಂತ ಓದಿದ್ರಲ್ಲ. ಈಗ ಅಂತಿದೀನಿ. ಅವಳು ನನ್ನ ಬಗ್ಗೆ ಹೇಳಿದ್ದು ಯಾವುದೂ ನನಗೆ ಬೇಡ. ಹೊಡೆದುಹಾಕ್ರಿ."

"ಏ, ಸುಮ್ಕಿರು" ಎಂದೆ.

"ಸುಮ್ಕೇ ಇದ್ನಲ್ಲ. ಇಷ್ಟು ವರ್ಷ ಸುಮ್ಕಿದ್ದು ಕೈ ಸುಟ್ಕೊಂಡೆ. ಹಂಚು ತಂದು ಕಟ್ಟೆ ಮ್ಯಾಲೆ ಇಟ್ಟೋರು ಯಾರು, ಹೇಳು ಇವರ ಮುಂದೆ. ಯಾತಕ್ಕೆ ಇಟ್ಟೆ ಹೇಳು. ನಂಗೆ ರೊಟ್ಟಿ ಬರ್ತದೆ ಅಂತ ಗೊತ್ತಾದ್ರೆ ನಿಂಗೆ ಅವಮಾನನಾ?"

"ನಿನ್ನ ಒಳ್ಳೇದಕ್ಕೆ ಕಣೇ. ಕಾಗದ ಹೋದ್ರೆ ನಿನ್ನ ಸಾಕೋರು ಯಾರು?"

"ನೀನು ಸಾಕ್ತಿದೀಯಾ?" ಎಂದಳು. "ನಾನು ಬಡಿದ ರೊಟ್ಟಿ ತಿನ್ಕೊಂಡು ನನ್ನ ಸಾಕ್ತಿದೀಯಾ?"

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆಯ ಕೈ ನಿಂತದ್ದು ಕೇಳಿಸಿತು. ನಾನು ಹುಡುಗಿಯ ಮೇಲೆ ಹಾಯ್ದೆ. ನೀನು ಬರುವ ತನಕ ಈ ಮನೆ ನೆಟ್ಟಗಿತ್ತು, ಓದುವ ನೆಪದಲ್ಲಿ ಮನೆ ಒಡೆಯಲು ಬಂದೆ, ಅಕ್ಕತಂಗಿಯರ ನಡುವೆ ಬೆಂಕಿ ಇಡಲಿಕ್ಕೆ ನಿನಗೆ ಸಂಬಳ ಕೊಡುತ್ತಾರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಎದ್ದು ನಡಿ ಎಂದೆ.

ಅವಳ ಮುಖ ಕೆಂಪಾಗಿತ್ತು. ಆದರೂ ಏಳಲಿಲ್ಲ. "ಇವರು ಹೋಗು ಅಂದ್ರೆ ಹೋಗ್ತೀನಿ ಅಜ್ಜಿ" ಎಂದಳು.

"ಕೂತ್ಕೊಳ್ರಿ" ಎಂದಳು ತಂಗಿ. "ಅಕ್ಕ, ನೀನು ಆಚೆ ಹೋಗು."

ನನ್ನ ಮನೆಯಲ್ಲಿ ನನಗೆ ಆಚೆ ಹೋಗು ಎಂದಳು. ಹೋದೆ. ಹೋಗಿ ಗೋಡೆಯ ಹಿಂದೆ ಎಮ್ಮೆಯ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ತಂಗಿ ಎಷ್ಟು ಮಾತಾಡುತ್ತಾಳೆ ಎಂದು ನನಗೇ ಗೊತ್ತಿರಲಿಲ್ಲ. ಜಗಳೂರಿನಲ್ಲಿ ಚಿಕ್ಕವಳಿದ್ದಾಗ ಅವ್ವ ಅವಳ ಕೈಮೇಲೆ ಕೈಯಿಟ್ಟು ರೊಟ್ಟಿ ಕಲಿಸಿದ್ದು, ಒಡೆದದ್ದನ್ನೆಲ್ಲ ಎಣಿಸದೆ ನಾಯಿಗೆ ಹಾಕಿದ್ದು, ರೊಟ್ಟಿ ಶೆಡ್ಡಿಗೆ ನಾನು ಕಳಿಸದೆ ಇದ್ದದ್ದು, ಆಸ್ಪತ್ರೆಯ ಬಾಗಿಲಲ್ಲಿ ನಾನು ಎಡವಲು ಹೇಳಿದ್ದು. "ಎಡವಿದ ಮ್ಯಾಲೆ ಅಕ್ಕ ನನಗೆ ಬಸ್ ಸ್ಟ್ಯಾಂಡಿನಾಗೆ ಜಿಲೇಬಿ ಕೊಡಿಸಿದ್ಳು. ನಂಗೆ ನುಂಗಾಕೆ ಆಗಲಿಲ್ಲ" ಎಂದಳು. ಆ ಜಿಲೇಬಿ ನನಗೆ ನೆನಪೇ ಇರಲಿಲ್ಲ.

ಹುಡುಗಿ ಕೇಳಿದಳು, "ಶೆಡ್ಡಿಗೆ ಹೋದ್ರೆ ಕಾಗದ ಹೋಗ್ತದೆ ಅಂತ ನಿಮ್ಮಕ್ಕಗೆ ಭಯಾನಾ?"

"ಕಾಗದ ಹೋಗ್ತದೆ ಅಂತ ಅಲ್ಲ. ರೊಟ್ಟಿ ಹೋಗ್ತದೆ ಅಂತ."

ಎಮ್ಮೆ ನನ್ನ ಮುಖ ನೋಡಿತು. ಅದರ ಮೂತಿಗೆ ಒಂದು ಕೊಟ್ಟೆ.

"ಆ ಕಾಗದ ಕೊಟ್ಟಿರೋದು ಕಣ್ಣು ಕಾಣಲ್ಲ ಅಂತ, ಕೈ ಇಲ್ಲ ಅಂತ ಅಲ್ಲ" ಎಂದಳು ಹುಡುಗಿ. "ಪಿಂಚಣಿ ವಿಷಯ ನಂಗೆ ಪೂರ್ತಿ ಗೊತ್ತಿಲ್ಲ. ತಿಳ್ಕೊಂಡು ಫೋನ್ ಮಾಡ್ತೀನಿ."

ಆಮೇಲೆ ಮನೆಯಲ್ಲಿ ಏನಾಯಿತು ಎಂಬುದು ಆ ಹುಡುಗಿಯ ಪುಸ್ತಕದಲ್ಲಿ ಇರಲಾರದು. ತಂಗಿಯ ಕೈ ವಾಸಿಯಾಯಿತು. ಬಟ್ಟೆ ಬಿಚ್ಚಿದ ಮಾರನೇ ದಿನ ನಾನು ಒಲೆ ಹಚ್ಚಿ, ಹಿಟ್ಟಿನ ಡಬ್ಬಿ ಎಡಗಡೆ, ಚೆಂಬು ಬಲಗಡೆ ಇಟ್ಟು ಕರೆದೆ. ಅವಳು ಬರಲಿಲ್ಲ. ಗೋಡೆಗೆ ಒರಗಿ, ಸೆರಗು ಹೊದ್ದು, ಎರಡೂ ಕೈ ತೊಡೆಯ ಮೇಲೆ ಇಟ್ಟು ಕೂತಿದ್ದಳು.

"ಎದ್ದು ಬಾರೇ."

"ನಂಗೆ ಏನೂ ಬರಲ್ಲ."

"ಆಟ ಆಡ್ತಿದೀಯಾ?"

"ಬರೆಸಿದೀಯಲ್ಲ. ಏನೂ ಬರಲ್ಲ."

ಅವತ್ತಿಡೀ ದಿನ ಹಾಗೆಯೇ ಕೂತಳು. ಮರುದಿನವೂ. ಎಮ್ಮೆ ಹಿಂಡಲಿಲ್ಲ, ಸೊಪ್ಪು ಬಿಡಿಸಲಿಲ್ಲ, ಮಡಚಲು ಕೊಟ್ಟ ಬಟ್ಟೆಯನ್ನು ಮುಟ್ಟಲಿಲ್ಲ. ಊಟ ಇಟ್ಟರೆ ಬಾಯಿ ತೆರೆದು, "ತುತ್ತು ಕೂಡ ನೀನೇ ಇಡಬೇಕಂತಲ್ಲ" ಎಂದಳು. ತಟ್ಟೆಯನ್ನು ಅವಳ ಮುಂದೆ ಕುಕ್ಕಿ ಎದ್ದು ಹೋದೆ. ಆಮೇಲೆ ಸೊಸೆ ಕೂತು ಮಾತಾಡಿಸಿದ ಮೇಲೆ ಉಂಡಳು. ಎಷ್ಟು ದಿನ ಹೀಗೆ ಎಂದು ನಾನೂ ಹಠ ಹಿಡಿದೆ. ನನಗೂ ಅದೇ ಅವ್ವನ ಹಾಲು ಕುಡಿದ ಹಠ. ದಿನ ಬೆಳಗಾದರೆ ಅವಳು ಗೋಡೆಯ ಹತ್ತಿರ, ನಾನು ಒಲೆಯ ಹತ್ತಿರ, ಇಬ್ಬರ ನಡುವೆ ಹೊಗೆ. ನನ್ನ ಮಣಿಕಟ್ಟು ಬದನೆಕಾಯಿಯಂತೆ ಆಯಿತು. ಮಗ ಪಂಚಾಯಿತಿಯ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿನ್ನತೊಡಗಿದ.

"ಅತ್ತೆ, ಶೆಡ್ಡಿಗೆ ಹೋಗ್ತೀನಿ ಅಂತ ಸಣ್ಣತ್ತೆ ಕೇಳೋದ್ರಾಗೆ ತಪ್ಪೇನೈತೆ?" ಎಂದಳು ಸೊಸೆ.

"ತಪ್ಪಿಲ್ಲದಿದ್ರೆ ನೀನು ಬಡಿ ರೊಟ್ಟಿ."

"ಬಡೀತೀನಿ. ನೀವು ಒಲೆ ಬಿಟ್ಟು ಏಳ್ರಿ."

ಏಳಲಿಲ್ಲ. ಎದ್ದರೆ ಸೋತಂತೆ.

ಇದರ ನಡುವೆ ಹುಡುಗಿ ಮಗನ ಫೋನಿಗೆ ಫೋನು ಮಾಡಿದಳು. ತಂಗಿಯ ಹತ್ತಿರ ಮಾತಾಡಿ, ಆಮೇಲೆ ನನ್ನನ್ನು ಕೇಳಿದಳು. ಕಣ್ಣಿನ ಕಾಗದವನ್ನು ರೊಟ್ಟಿ ಬಡಿದದ್ದಕ್ಕೆ ಯಾರೂ ಕಿತ್ತುಕೊಳ್ಳುವುದಿಲ್ಲವಂತೆ, ಪಿಂಚಣಿಯದು ನಾಡಕಚೇರಿಯಲ್ಲಿ ವಿಚಾರಿಸಬೇಕಂತೆ. ಅದನ್ನು ಹೇಳಿ, "ಅಜ್ಜಿ, ನೀವು ಹೇಳಿದ ಮಾತೂ ನನ್ನ ಹತ್ರ ಐತೆ. ಅವರು ಬೇಡ ಅಂದಾರೆ. ಅದು ನಿಮ್ಮ ಮಾತೂ ಅಲ್ವಾ, ಅದಕ್ಕೆ ನಿಮ್ಮನ್ನೂ ಕೇಳ್ತಿದೀನಿ. ತೆಗೀಲಾ?" ಎಂದಳು.

ತೆಗೆದುಬಿಡು ಎಂದರೆ ಮುಗಿಯುತ್ತಿತ್ತು. ನಾನು ಯಾವತ್ತೂ ಹಾಗೆ ಹೇಳಿರಲೇ ಇಲ್ಲ ಎಂದಾಗುತ್ತಿತ್ತು. ತಂಗಿ ಗೋಡೆಯ ಹತ್ತಿರ ಕಿವಿಗೊಟ್ಟು ಕೂತಿದ್ದಳು.

"ತೆಗೀಬ್ಯಾಡ" ಎಂದೆ. "ಅವಳು ಒಪ್ಪಿದ್ರೆ ಇರಲಿ. ಪಕ್ಕದಾಗೆ ಸುಳ್ಳು ಅಂತ ಬರಿ."

"ಹಂಗೇ ಬರೀಲಾ?"

"ಇನ್ನೆಂಗೆ ಬರೀತೀಯಾ? ಅವರಕ್ಕ ಸುಳ್ಳು ಹೇಳಿದ್ಳು ಅಂತ ಬರಿ."

ತಂಗಿ ಕೂತಲ್ಲಿಂದಲೇ "ಇರಲಿ ಬಿಡ್ರಿ" ಎಂದಳು. ನನಗಲ್ಲ, ಫೋನಿಗೆ.

ಅದರ ಮೇಲೆ ಅವಳು ಎದ್ದು ಬಂದು ರೊಟ್ಟಿ ಬಡಿಯುತ್ತಾಳೆ ಎಂದುಕೊಂಡಿದ್ದೆ. ಬಡಿಯಲಿಲ್ಲ. ಮಗನನ್ನು ಕರೆದು, "ಆ ಶೆಡ್ಡಿನಮ್ಮನ ನಂಬರ್ ಹಚ್ಚಿಕೊಡಪ್ಪ" ಎಂದಳು. ನನ್ನ ಮುಂದೆಯೇ ಮಾತಾಡಿದಳು. ಸೋಮವಾರ ಬರುತ್ತೇನೆ ಎಂದಳು.

"ಕರ್ಕೊಂಡು ಹೋಗೋರು ಯಾರು?" ಎಂದೆ.

"ಬಸ್ಸು."

ಸೋಮವಾರ ನಾನೂ ಹೋದೆ. ಕರೆದವರಿಲ್ಲ. ಈಗ ಬಸ್ಸಿಗೆ ಹೆಂಗಸರಿಂದ ದುಡ್ಡು ಕೇಳುವುದಿಲ್ಲ, ಬೇಡ ಎನ್ನಲು ಅವಳಿಗೆ ನೆಪವೂ ಸಿಗಲಿಲ್ಲ. ಶೆಡ್ಡು ಅಂದರೆ ತಗಡಿನ ಮಾಡು, ಸಾಲಾಗಿ ಒಲೆಗಳು, ಗೋಡೆ ತುಂಬ ಮಸಿ. ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಒಬ್ಬಳು ಇನ್ನೊಬ್ಬಳಿಗೆ, "ಸುಟ್ಕೊಂಡ್ರೆ ಯಾರು ಜವಾಬ್ದಾರಿ?" ಎಂದದ್ದು ನನಗೆ ಕೇಳಿಸಿತು. ಅವಳಿಗೂ ಕೇಳಿಸಿರುತ್ತದೆ, ಅವಳಿಗೆ ಕೇಳಿಸದ್ದು ಯಾವುದೂ ಇಲ್ಲ.

ಕೂತು, ಒಲೆ ಎಲ್ಲಿ, ನೀರು ಎಲ್ಲಿ ಎಂದು ಮುಟ್ಟಿ ನೋಡಿಕೊಂಡು, ಮೊದಲ ಉಂಡೆ ಬಡಿದಳು. ರೊಟ್ಟಿ ಎತ್ತುವಾಗ ನಡುವೆ ಹರಿಯಿತು. ಎರಡನೆಯದೂ ಹರಿಯಿತು. ನನಗೆ ಒಳಗೊಳಗೇ ಖುಷಿಯಾಯಿತು. ಈಗ ಮನೆಗೆ ಬರುತ್ತಾಳೆ ಎಂದುಕೊಂಡೆ. ಬರೆಯಲು ನಾಚಿಕೆಯಿಲ್ಲ, ಆದದ್ದು ಹಾಗೆ.

ಅವಳು ಹರಿದ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿದಳು. ನಾಲಗೆಯ ತುದಿಗೆ ಇಟ್ಟಳು.

"ಈ ಹಿಟ್ಟು ಬೀಸಿ ಎಷ್ಟು ದಿನ ಆತು?"

ಶೆಡ್ಡಿನವಳು ತಡೆದು ಹೇಳಿದಳು, "ಹೋದ ವಾರದ್ದು."

"ಹಳೇ ಹಿಟ್ಟಿಗೆ ಜಿಗಿ ಇರಲ್ಲ. ಎಸರು ಮರಳಬೇಕು, ಉಗುರು ಬಿಸಿ ನೀರು ಸಾಲಲ್ಲ. ಕಾಸಿ ಕೊಡ್ರಿ."

ಕಾಸಿ ಕೊಟ್ಟರು. ಹೊಸದಾಗಿ ನಾದಿ ಬಡಿದ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿದಳು. ಹೊಸ ಚರ್ಮ ಬಂದ ಕೈ ಇನ್ನೂ ಕೆಂಪಗಿತ್ತು. ರೊಟ್ಟಿ ಉಬ್ಬಿತು. ಜವಾಬ್ದಾರಿಯ ಮಾತಾಡಿದವಳು ಎದ್ದು ಬಂದು ತನ್ನ ಪರಾತದ ಹಿಟ್ಟನ್ನೂ ಇವಳ ಎಸರಿನಲ್ಲೇ ನಾದಿಕೊಂಡಳು.

ನಾನು ಮೂಲೆಯಲ್ಲಿ ಒಂದು ಚೀಲದ ಮೇಲೆ ಕೂತಿದ್ದೆ. ಅವಳಿಗೆ ಬಾಯಾರಿಕೆ ಆಗಿರುತ್ತದೆ, ಚೆಂಬು ಹತ್ತಿರ ಇಡಿ ಎಂದೆ. ಅವಳಿಗೆ ಹೊಗೆ ಆಗುವುದಿಲ್ಲ ಎಂದೆ. ಶೆಡ್ಡಿನವಳು ಬಂದು ನನ್ನ ಮುಂದೆ ನಿಂತಳು.

"ಅಮ್ಮಾ, ಬೇಜಾರು ಮಾಡ್ಕೋಬ್ಯಾಡ್ರಿ. ಇಲ್ಲಿ ಕೆಲಸ ಮಾಡೋರಿಗೇ ಜಾಗ ಸಾಲದು. ನೀವು ಊರಿಗೆ ಹೋಗ್ರಿ."

ತಂಗಿಯ ಕಡೆ ನೋಡಿದೆ. ಅವಳು ಬಡಿಯುತ್ತಿದ್ದಳು. ಅಕ್ಕ ಇರಲಿ ಬಿಡ್ರಿ ಎನ್ನುತ್ತಾಳೇನೋ ಎಂದು ಒಂದು ಗಳಿಗೆ ನಿಂತೆ. ಎನ್ನಲಿಲ್ಲ.

ಈಗ ಮಳೆಗಾಲ ಕಳೆದು ಚಳಿ ಬಂದಿದೆ. ದಿನಾ ಹೋಗುತ್ತಾಳೆ, ದಿನಾ ಬರುತ್ತಾಳೆ. ಒಂದೊಂದು ದಿನ ಆ ಹುಡುಗಿಯ ಫೋನು ಬರುತ್ತದೆ. ಉಬ್ರಾಣಿಯಲ್ಲಿ ಯಾರನ್ನೋ ಕಂಡೆ, ಜಗಳೂರಿನಲ್ಲಿ ಯಾರನ್ನೋ ಕಂಡೆ ಎಂದು ತಂಗಿಗೆ ಹೇಳುತ್ತಾಳೆ. ಅಜ್ಜಿ ಹೆಂಗಿದ್ದಾರೆ ಎಂದು ನನ್ನನ್ನೂ ಕೇಳುತ್ತಾಳಂತೆ. ಕೇಳುವುದು ಬೇಡ. ಪಿಂಚಣಿಯವರು ಇನ್ನೂ ಬಂದಿಲ್ಲ. ಬಂದಾಗ ಏನು ಹೇಳಬೇಕೆಂದು ತಂಗಿ ಗೊತ್ತುಮಾಡಿಕೊಂಡಿದ್ದಾಳೆ, ನನಗೆ ತಿಳಿಸಿಲ್ಲ. ಸಂಜೆ ಬಂದು ಕೈಕಾಲು ತೊಳೆದು ಸೊಸೆಯ ಹತ್ತಿರ ಕೂತು ಶೆಡ್ಡಿನ ಸುದ್ದಿ ಹೇಳುತ್ತಾಳೆ. ಯಾರ ಗಂಡ ಕುಡಿದು ಬಂದ, ಯಾರ ರೊಟ್ಟಿ ಸೀದುಹೋಯಿತು, ಯಾರು ಯಾರಿಗೆ ಏನಂದರು. ಇಬ್ಬರೂ ನಗುತ್ತಾರೆ. ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ.

ಅಕ್ಕ ಒಪ್ಪಿಕೊಂಡಳು ಎಂದು ಓಣಿಯವರು ಅಂದುಕೊಂಡಿದ್ದಾರೆ. ಒಪ್ಪಿಲ್ಲ. ತಡೆಯಲು ಆಗಲಿಲ್ಲ, ಅಷ್ಟೇ.